ಅದೆಲ್ಲ ಆಗಿನ ಕಥೆ ಬಿಡಿ ಅಮ್ಮ

“ಸಿಗರೇಟ್ ಸೇದ್ತೀರಾ?” ಅಂತ ಡಾಕ್ಟರು ಕೇಳಿದರು. ಇಲ್ಲ ಅಂದೆ. “ಮೊದಲು ಸೇದಿ ಈಗ ಬಿಟ್ಟಿದ್ದೀರಾ?” ಇಲ್ಲ ಡಾಕ್ಟ್ರೇ, ಯಾವತ್ತೂ ಸೇದಿಲ್ಲ. “ಮನೆಯಲ್ಲಿ ಯಾರಾದರೂ?” ಯಾರೂ ಇಲ್ಲ. ಅವರು ರಿಪೋರ್ಟನ್ನು ಮತ್ತೊಮ್ಮೆ ನೋಡಿದರು. ಆಗ ಪಕ್ಕದಲ್ಲಿ ಕೂತಿದ್ದ ಅಮ್ಮ ಬಾಯಿ ಬಿಟ್ಟಳು. “ಇವಳು ಏಳು ತಿಂಗಳಿಗೇ ಹುಟ್ಟಿದ್ದು ಡಾಕ್ಟ್ರೇ. ಉಸಿರಾಟಕ್ಕೆ ಮಿಷನ್ ಹಾಕಿದ್ರು.”

“ಅದೆಲ್ಲ ಆಗಿನ ಕಥೆ ಬಿಡಿ ಅಮ್ಮ. ಈಗ ದೊಡ್ಡವರಾಗಿದ್ದಾರಲ್ಲ” ಅಂದರು. ಇನ್ಹೇಲರ್ ಬರೆದುಕೊಟ್ಟರು. ಮುಂದಿನವರನ್ನು ಕರೆಯಲು ಬೆಲ್ ಒತ್ತಿದರು.

ಈ ವಾರವೆಲ್ಲ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಸಿಡುಕಿ ಹೇಳಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರು ನಗುನಗುತ್ತಲೇ, ಅಮ್ಮನಿಗೆ ಸಮಾಧಾನ ಮಾಡುವ ಹಾಗೆ ಹೇಳಿದರು. ಅವರು ಕೆಟ್ಟ ಡಾಕ್ಟರ್ ಅಲ್ಲ. ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಾರೆ, ಸುಮ್ನೆ ಹತ್ತು ಟೆಸ್ಟ್ ಬರೆಯುವವರೂ ಅಲ್ಲ. ಆದರೆ ಅವತ್ತು ಅವರು ಹುಡುಕುತ್ತಿದ್ದ ಕಾರಣವನ್ನೇ ಅಮ್ಮ ಹೇಳಿದ್ದಳು. ಅದು ಅವರಿಗೆ ಕಾರಣದ ಹಾಗೆ ಕಾಣಲೇ ಇಲ್ಲ.

ಟೆಸ್ಟ್ ಮಾಡಿದ ಹುಡುಗಿ ತುಂಬ ಒಳ್ಳೆಯವಳು. “ಊದಿ ಅಕ್ಕ, ಊದಿ, ಇನ್ನೂ, ಇನ್ನೂ” ಅಂತ ನನ್ನ ಜೊತೆಗೆ ಅವಳೂ ಉಸಿರು ಹಿಡಿಯುತ್ತಿದ್ದಳು. ಸ್ಪೈರೋಮೆಟ್ರಿಯಲ್ಲಿ ಉಸಿರನ್ನು ಪೂರ್ತಿ ಎಳೆದುಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅನ್ನುವುದನ್ನೇ ಮುಖ್ಯವಾಗಿ ನೋಡುತ್ತಾರೆ. ನನ್ನದು ತೀರಾ ಕಡಿಮೆ ಬಂತು. “ಪೂರ್ತಿ ಊದಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಮಾಡೋಣ್ವಾ?” ಅಂದಳು. ನಾನು ಪೂರ್ತಿಯೇ ಊದಿದ್ದೆ. ನನ್ನ ಹತ್ತಿರ ಇರುವುದೇ ಅಷ್ಟು.

ನಾನು ಹುಟ್ಟಿದ್ದು 28 ವಾರಕ್ಕೆ. ತೂಕ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ ಅನ್ನುತ್ತಾರೆ. 32 ವಾರಕ್ಕೂ ಮೊದಲಾದರೆ ಬಹಳ ಮುಂಚೆ ಅಂತ ಲೆಕ್ಕ. 28 ವಾರದ ಮಗುವಿನ ಶ್ವಾಸಕೋಶದಲ್ಲಿ ಗಾಳಿಚೀಲಗಳು ಇನ್ನೂ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆ, ಮೊದಲ ಕೆಲವು ವರ್ಷಗಳಲ್ಲಿ ಬೆಳೆಯಬೇಕು. ಇಂಥ ಎಳೆಯ ಶ್ವಾಸಕೋಶಕ್ಕೆ ಒತ್ತಡದಲ್ಲಿ ಗಾಳಿ ತುಂಬುತ್ತಾರೆ, ಆಕ್ಸಿಜನ್ ಕೊಡುತ್ತಾರೆ. ಜೀವ ಉಳಿಯುವುದೂ ಅದರಿಂದಲೇ, ಶ್ವಾಸಕೋಶಕ್ಕೆ ಪೆಟ್ಟು ಬೀಳುವುದೂ ಅದರಿಂದಲೇ. ವೆಂಟಿಲೇಟರಿನಲ್ಲಿದ್ದ ಮಕ್ಕಳ ಶ್ವಾಸಕೋಶದಲ್ಲಿ ಉಳಿಯುವ ಈ ತೊಂದರೆಯನ್ನು ವೈದ್ಯರು 1967ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು.

ಎಲ್ಲರ ಶ್ವಾಸಕೋಶವೂ ಇಪ್ಪತ್ತರ ಆಸುಪಾಸಿನಲ್ಲಿ ತನ್ನ ಪೂರ್ತಿ ಶಕ್ತಿ ಮುಟ್ಟುತ್ತದೆ. ಆಮೇಲೆ ವರ್ಷವರ್ಷ ಸ್ವಲ್ಪಸ್ವಲ್ಪ ಇಳಿಯುತ್ತದೆ. ಇದು ಎಳೆತನದಲ್ಲಿ ಕೂಡಿಟ್ಟ ದುಡ್ಡನ್ನು ಆಮೇಲೆ ಜೀವನಪೂರ್ತಿ ಖರ್ಚು ಮಾಡಿದ ಹಾಗೆ. ನಮ್ಮಂಥವರಲ್ಲಿ ಎಷ್ಟೋ ಜನರ ಗಂಟೇ ಚಿಕ್ಕದು. ಹಾಗಾಗಿ ಒಂದೂ ಸಿಗರೇಟ್ ಮುಟ್ಟದ ಮೂವತ್ತರ ಹೆಂಗಸಿನ ರಿಪೋರ್ಟ್ ವರ್ಷಗಟ್ಟಲೆ ಸೇದಿದವರ ರಿಪೋರ್ಟಿನ ಹಾಗೆ ಕಾಣಬಹುದು. ನೋಡುವುದಕ್ಕೆ ಅಸ್ತಮಾದ ಹಾಗೇ ಇರುತ್ತದೆ. ಆದರೆ ಅಸ್ತಮಾವೇ ಆಗಿರಬೇಕು ಅಂತೇನಿಲ್ಲ. ಒಳಗೆ ಅಸ್ತಮಾದ ಉರಿಯೂತ ಇಲ್ಲದಿದ್ದರೆ ಅಸ್ತಮಾದ ಔಷಧಿ ಅಷ್ಟಾಗಿ ಕೆಲಸ ಮಾಡದೆಯೂ ಇರಬಹುದು. ಹುಟ್ಟಿದ್ದು ಯಾವಾಗ ಅಂತ ಕೇಳದೆ ಇದು ಗೊತ್ತಾಗುವುದು ಹೇಗೆ?

ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಎರಡು ದಿನದಲ್ಲಿ ಸ್ವಲ್ಪ ಇಳಿಯಿತು. ಅವರು ಓದುವ ಕಾಲಕ್ಕೆ ನಮ್ಮಂಥವರು ದೊಡ್ಡವರಾಗಿ ಅವರ ಎದುರು ಬಂದು ಕೂರುತ್ತಿದ್ದುದೇ ಅಪರೂಪ. ಇಷ್ಟು ಬೇಗ ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಉಳಿಯುತ್ತಲೇ ಇರಲಿಲ್ಲ. ಹೆರಿಗೆಗೆ ಮುಂಚೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಅಂತ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು. ಗಾಳಿಚೀಲ ಮುಚ್ಚಿಕೊಳ್ಳದ ಹಾಗೆ ತಡೆಯುವ ಸರ್ಫ್ಯಾಕ್ಟೆಂಟ್ ಅನ್ನು ಜಪಾನಿನ ಫುಜಿವಾರಾ 1980ರಲ್ಲಿ 10 ಶಿಶುಗಳಿಗೆ ಕೊಟ್ಟು ಫಲ ಕಂಡರು. ಅದನ್ನು ತಯಾರಿಸಿದ್ದು ಹಸುವಿನ ಶ್ವಾಸಕೋಶದಿಂದ. ಅದು ಹೆಚ್ಚು ಆಸ್ಪತ್ರೆಗಳಿಗೆ ತಲುಪುವ ಹೊತ್ತಿಗೆ 1990 ಬಂದಿತ್ತು. ಅಂದರೆ ಇವುಗಳಿಂದ ಬದುಕಿಕೊಂಡ ದೊಡ್ಡ ಗುಂಪಿಗೆ ಈಗಷ್ಟೇ ಮೂವತ್ತು ದಾಟಿದೆ. ನಮಗೆ ಐವತ್ತು, ಅರವತ್ತಾದಾಗ ಏನಾಗುತ್ತದೆ ಅನ್ನುವುದಕ್ಕೆ ನಾವೇ ಮೊದಲ ಉದಾಹರಣೆ. ಮಕ್ಕಳ ಡಾಕ್ಟರುಗಳಿಗೆ ನಮ್ಮ ಬಗ್ಗೆ ಗೊತ್ತು. ದೊಡ್ಡವರ ಡಾಕ್ಟರುಗಳಿಗೆ ನಮ್ಮನ್ನು ಪರಿಚಯ ಮಾಡಿಕೊಟ್ಟವರೇ ಇಲ್ಲ.

ವಿಷಯ ಬರೀ ಉಸಿರಿನದಲ್ಲ. ಕಿಡ್ನಿಯಲ್ಲಿ ರಕ್ತ ಸೋಸುವ ನೆಫ್ರಾನ್‌ಗಳು ಸುಮಾರು 36 ವಾರದ ತನಕ ಮಾತ್ರ ಹೊಸದಾಗಿ ಹುಟ್ಟುತ್ತವೆ. ಬೇಗ ಹುಟ್ಟಿದವರಲ್ಲಿ ಅವು ಕಡಿಮೆ ಇರುವ ಸಾಧ್ಯತೆ ಹೆಚ್ಚು, ಆಮೇಲೆ ಸೇರಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಬಿಪಿ ಸರಾಸರಿಯಲ್ಲಿ ಕೆಲವು ಪಾಯಿಂಟ್ ಮೇಲಿರುತ್ತದೆ. ಬೇಗ ಹುಟ್ಟಿ ಬೆಳೆದವರ ಹೃದಯವನ್ನು ಆಕ್ಸ್‌ಫರ್ಡಿನಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಅದರ ಆಕಾರವೇ ಸ್ವಲ್ಪ ಬೇರೆ ಇರುವುದು ಕಂಡಿತು. ಕಣ್ಣಿನ ಪರದೆಗೆ ಎಳೆತನದಲ್ಲಿ ತೊಂದರೆ ಆಗಿದ್ದರೆ ದೊಡ್ಡವರಾದ ಮೇಲೂ ಆಗಾಗ ತೋರಿಸುತ್ತಿರಬೇಕು. ಇವೆಲ್ಲ ಎಲ್ಲರಿಗೂ ಆಗುತ್ತದೆ ಅಂತಲ್ಲ. ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಿ ಅಂತ ಯಾರಾದರೂ ಒಬ್ಬರು ಹೇಳಬಹುದಿತ್ತು, ಅಷ್ಟೇ.

ಇನ್ನೊಂದು ಸಂಗತಿ ಓದಿ ನಾನು ಸುಮಾರು ಹೊತ್ತು ಹಾಗೇ ಕೂತುಬಿಟ್ಟೆ. ಜರ್ಮನಿಯ ಬವೇರಿಯಾದಲ್ಲಿ 1985–86ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸುತ್ತ ಬಂದಿದ್ದಾರೆ. ಬಹಳ ಬೇಗ ಹುಟ್ಟಿದವರು 26ನೇ ವಯಸ್ಸಿನಲ್ಲಿ ಹೆಚ್ಚು ಸಂಕೋಚದವರು, ಹೆಚ್ಚು ಚಿಂತೆ ಮಾಡುವವರು, ಅಪಾಯದ ಕೆಲಸಕ್ಕೆ ಕೈಹಾಕದವರು ಅಂತ ಕಂಡಿತು. ನನ್ನ ಅತ್ತೆ ಒಬ್ಬರಿದ್ದಾರೆ. “ಅಂಗೈಯಲ್ಲಿಟ್ಟು ಸಾಕಿ ಹುಡುಗಿಯನ್ನ ಹೀಗೆ ಅಂಜುಬುರುಕಿ ಮಾಡಿಟ್ರಿ” ಅಂತ ಅಮ್ಮನಿಗೆ ನನ್ನ ಎದುರಿಗೇ ಎಷ್ಟೋ ಸಲ ಹೇಳಿದ್ದಾರೆ. ಅಮ್ಮ ಒಮ್ಮೆಯೂ ತಿರುಗಿ ಮಾತಾಡಿಲ್ಲ. ಹೌದೇನೋ ಅಂತ ನಂಬಿಕೊಂಡೇ ಬಂದಳು. ಆ ಮಾತು ಅನ್ಯಾಯದ್ದು ಅಂತ ನಾನು ಈಗ ಗಟ್ಟಿಯಾಗಿ ಹೇಳಬಲ್ಲೆ. ಹಾಗಂತ ನನ್ನ ಸ್ವಭಾವವನ್ನೆಲ್ಲ ಆ 28 ವಾರದ ತಲೆಗೆ ಕಟ್ಟುವುದಕ್ಕೂ ಮನಸ್ಸಿಲ್ಲ. ನನಗೆ ಗದ್ದಲ ಇಷ್ಟವಿಲ್ಲ. ಅದು ನಾನು, ಕಾಯಿಲೆ ಅಲ್ಲ.

ಭಯಪಡಿಸುವುದಕ್ಕೆ ಇದನ್ನೆಲ್ಲ ಬರೆಯುತ್ತಿಲ್ಲ. ಈಗ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೊರಗೆ ಕಾಯುತ್ತಿರುವ ಅಪ್ಪ ಅಮ್ಮಂದಿರೂ ಇದನ್ನು ಓದಬಹುದು, ಅಲ್ವಾ. ಅವರು ಇದನ್ನೂ ಓದಲಿ. ಸ್ವೀಡನ್ನಿನಲ್ಲಿ 1973ರಿಂದ 1997ರ ನಡುವೆ ಅವಧಿಗೆ ಮುಂಚೆ ಹುಟ್ಟಿದವರನ್ನೆಲ್ಲ ಲೆಕ್ಕ ಹಾಕಿದರು. ಅರ್ಧಕ್ಕಿಂತ ಜಾಸ್ತಿ ಜನ ದೊಡ್ಡ ಕಾಯಿಲೆ ಯಾವುದೂ ಇಲ್ಲದೆ ಬದುಕಿದ್ದರು. ದಿನ ತುಂಬಿ ಹುಟ್ಟಿದವರಲ್ಲೂ ಈ ಲೆಕ್ಕ 63 ಶೇಕಡಾ, 100 ಅಲ್ಲ. ತೀರಾ ಬೇಗ ಹುಟ್ಟಿದವರಿಗೆ ಕಷ್ಟ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆನಡಾದಲ್ಲಿ ಒಂದು ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಇಪ್ಪತ್ತು ದಾಟಿದವರನ್ನು ನಿಮ್ಮ ಜೀವನ ಹೇಗಿದೆ ಅಂತ ಕೇಳಿದಾಗ, ಅವರು ಕೊಟ್ಟ ಅಂಕ ಉಳಿದವರು ಕೊಟ್ಟಷ್ಟೇ ಇತ್ತು. ಅವರಲ್ಲಿ ಅಂಗವೈಕಲ್ಯ ಇದ್ದವರೂ ಇದ್ದರು. ನನ್ನನ್ನು ಕೇಳಿದ್ದರೂ ನಾನು ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ. ಮೆಟ್ಟಿಲು ಹತ್ತುವಾಗ ಮಧ್ಯೆ ನಿಲ್ಲುತ್ತೇನೆ, ಆದರೆ ಹತ್ತುತ್ತೇನೆ.

ಬೇರೆ ಡಾಕ್ಟರ ಹತ್ತಿರ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. ನಿನ್ನೆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎಲ್ಲ ಬರೆದೆ. ಎಷ್ಟು ವಾರ, ಎಷ್ಟು ತೂಕ, ವೆಂಟಿಲೇಟರ್ ಎಷ್ಟು ದಿನ, ಆಕ್ಸಿಜನ್ ಯಾವಾಗ ತೆಗೆದರು, ಕಣ್ಣು ಯಾವಾಗ ಪರೀಕ್ಷೆ ಮಾಡಿದರು. ಹಳೆಯ ಡಿಸ್ಚಾರ್ಜ್ ಚೀಟಿ ಎಂದೋ ಕಳೆದುಹೋಗಿದೆ. ಆದರೆ ಅಮ್ಮ ಒಂದಕ್ಕೂ ತಡವರಿಸಲಿಲ್ಲ. ನನ್ನ ಪಕ್ಕದ ಪೆಟ್ಟಿಗೆಯಲ್ಲಿದ್ದ ಮಗುವಿನ ತೂಕವೂ ಅವಳಿಗೆ ನೆನಪಿದೆ.

“ಇದನ್ನೆಲ್ಲ ಕೊಟ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ಳಲ್ವಾ?” ಅಂದಳು. ಮಾಡ್ಕೊಳ್ಳಲಿ ಬಿಡಮ್ಮ, ಓದಿದ್ರೆ ಸಾಕು ಅಂದೆ. ಹಾಳೆಯ ಕೆಳಗೆ ಇನ್ನೂ ಮೂರು ಸಾಲು ಸೇರಿಸಿದ್ದೇನೆ. ಬಿಪಿ, ಕಿಡ್ನಿ ಟೆಸ್ಟ್, ಕಣ್ಣಿನ ಪರದೆ.