ಶಾರ್ಜಾದಲ್ಲಿ ಸಿಕ್ಕ ಜುಲಾಬು

ಶಾರ್ಜಾಕ್ಕೆ ಬಂದ ಮೊದಲ ಚಳಿಗಾಲ ಕೆಮ್ಮು ಹಿಡಿದದ್ದು ಬಿಡಲೇ ಇಲ್ಲ. ಮನೆ ಕೆಳಗಿನ ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನಲ್ಲಿದ್ದ ಮಲಯಾಳಿ ಚೇಟ್ಟ ಒಂದು ಬಾಟಲಿ ಕೊಟ್ಟರು. ಆಗಷ್ಟೇ ಅರಬ್ಬಿ ಅಕ್ಷರ ಕೂಡಿಸಿ ಓದೋದು ಕಲಿಯುತ್ತಿದ್ದೆ. ಲೇಬಲ್ ಮೇಲೆ ಬೆರಳಿಟ್ಟು ಓದಿದರೆ ‘ಶರಾಬ್’!

ಚೇಟ್ಟ ನಕ್ಕರು. ಇಲ್ಲಿ ಕುಡಿಯುವ ಔಷಧಕ್ಕೆ ಅದೇ ಹೆಸರಂತೆ. ಕಹಿ ಬೇರು, ಸೊಪ್ಪಿನ ರಸವನ್ನು ಸಕ್ಕರೆ ಪಾಕದಲ್ಲಿ ಕಾಯಿಸಿದರೆ ಬೇಗ ಕೆಡೋದಿಲ್ಲ, ಗಂಟಲಲ್ಲಿ ಇಳಿಯುತ್ತೆ. ಈ ಕೆಲಸದಲ್ಲಿ ಹಳೆಯ ಅರಬ್ ಔಷಧಗಾರರು ಪಳಗಿದ್ದರು. ‘ಸಿರಪ್’ ಅನ್ನೋ ಪದವೂ ಅವರ ಶರಾಬ್‌ನಿಂದಲೇ ಯುರೋಪಿಗೆ ಹೋಯಿತು. ನಮ್ಮ ಶರಬತ್ತೂ ಅದೇ ಬಳ್ಳಿಯ ಕಾಯಿ.

ಆಮೇಲೆ ಅಂಗಡಿಯ ಬೋರ್ಡು ಓದಿದೆ: ‘ಸೈದಲಿಯ್ಯಾ’, ಅಂದರೆ ಔಷಧದ ಅಂಗಡಿ. ಸುಮಾರು ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ಎಂಬ ವಿದ್ವಾಂಸ ಔಷಧಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಔಷಧ ಮಾರುವವನಿಗೆ ಇದೇ ಬಳಗದ ‘ಸೈದನಾನಿ’ ಅಂತ ಹೆಸರು ಬಂದದ್ದು ಹಿಂದೂಸ್ತಾನದ ‘ಚಂದನ’ದಿಂದ ಅಂತ ಅದರಲ್ಲಿ ವಾದ ಮಾಡಿದ್ದಾನೆ. ವಾದ ಸರಿಯೋ ತಪ್ಪೋ ಪಂಡಿತರು ನೋಡಿಕೊಳ್ಳಲಿ. ಶ್ರೀಗಂಧದ ನಾಡಿನವನಿಗೆ ಮೆಡಿಕಲ್ ಶಾಪಿನ ಬೋರ್ಡಿನಲ್ಲಿ ಗಂಧ ಸಿಕ್ಕರೆ ಖುಷಿಯಾಗಲ್ವಾ?

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಡಮಾಸ್ಕಸ್ಸಿನವನು. ಅವನ ಊರಿನಲ್ಲಿ 1154ರಲ್ಲಿ ದೊರೆ ನೂರುದ್ದೀನ್ ಕಟ್ಟಿಸಿದ ಆಸ್ಪತ್ರೆಯ ಕಟ್ಟಡ ಇನ್ನೂ ಇದೆ. ಅಲ್ಲೀಗ ವೈದ್ಯಕೀಯ ಮ್ಯೂಸಿಯಂ. ಹಳೆಯ ಆಸ್ಪತ್ರೆಗಳಿಗೆ ‘ಬೀಮಾರಿಸ್ತಾನ್’ ಅಂತ ಹೆಸರು. ನಮ್ಮ ವಿಜಯಪುರದ ಕಡೆ ‘ಬೀಮಾರಿ’ ಅಂದರೆ ಕಾಯಿಲೆ ಅಂತ ಯಾರಿಗೂ ಅರ್ಥ ಹೇಳಬೇಕಿಲ್ಲ. 931ರಲ್ಲಿ ಬಾಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತನಂತೆ. ಖಲೀಫ ಸಿಟ್ಟಾಗಿ, ಪರೀಕ್ಷೆ ಪಾಸಾಗದವರು ಯಾರೂ ನಾಡಿ ಹಿಡಿಯಬಾರದು ಅಂತ ಆಜ್ಞೆ ಮಾಡಿದ. ಸಿನಾನ್ ಇಬ್ನ್ ಸಾಬಿತ್ ಎಂಬ ವೈದ್ಯನ ಮುಂದೆ ಪರೀಕ್ಷೆಗೆ ಕೂತವರು 860ಕ್ಕೂ ಹೆಚ್ಚು! ಔಷಧದ ಅಂಗಡಿಗಳಿಗೂ ಮುಂದೆ ತಪಾಸಣೆ ಇತ್ತು. ಕಲಬೆರಕೆ ಹಿಡಿಯೋದು ಹೇಗೆ ಅಂತ ಮಾರುಕಟ್ಟೆ ಅಧಿಕಾರಿಗಳಿಗೆ ಕೈಪಿಡಿಗಳೇ ಇದ್ದವು.

ರಂಜಾನಿನಲ್ಲಿ ಆ ಡಮಾಸ್ಕಸ್ಸಿನ ಗೆಳೆಯ ಇಫ್ತಾರಿಗೆ ಕರೆದ. ಮೇಜಿನ ಮೇಲೆ ಎರಡು ಜಗ್ಗು. ಒಂದರಲ್ಲಿದ್ದದ್ದು ‘ತಮರ್ ಹಿಂದಿ’. ಅಂದರೆ ಹಿಂದೂಸ್ತಾನದ ಖರ್ಜೂರ. ಬಾಯಿಗಿಟ್ಟರೆ ನಮ್ಮ ಹುಣಸೆ ಪಾನಕ! ಹೊಟ್ಟೆ ಹಗುರ ಮಾಡುವ ಮದ್ದು ಅಂತ ಅರಬ್ ವೈದ್ಯರು ಇದನ್ನು ಬಳಸುತ್ತಿದ್ದರು.

ಇನ್ನೊಂದು ಜಗ್ಗಿನತ್ತ ಕೈ ತೋರಿಸಿ, ‘ಜಲ್ಲಾಬ್ ಕುಡಿ’ ಅಂದ. ನಾನು ಗಾಬರಿ. ನಮ್ಮ ಕಡೆ ಜುಲಾಬು ಅಂದರೆ ಭೇದಿ, ಇಲ್ಲವೇ ಭೇದಿ ಮಾಡಿಸುವ ಔಷಧ. ಉಪವಾಸ ಬಿಡುವ ಹೊತ್ತಲ್ಲಿ ಇದೆಂಥ ಉಪಚಾರ? ನೋಡಿದರೆ ದ್ರಾಕ್ಷಿ ಕಾಕಂಬಿಯ ಪಾನಕ. ಗುಲಾಬಿ ನೀರಿನ ಘಮ, ಮೇಲೆ ಒಣದ್ರಾಕ್ಷಿ, ಐಸು.

ಆಮೇಲೆ ತಿಳಿದದ್ದು, ಎರಡೂ ಒಂದೇ ಪದ. ಪಾರ್ಸಿಯ ‘ಗುಲಾಬ್’, ಅಂದರೆ ಗುಲಾಬಿ ನೀರು, ಅರಬ್ಬಿಗೆ ಹೋಗಿ ‘ಜುಲಾಬ್’ ಆಯಿತು. ಅರಬ್ ಔಷಧಶಾಲೆಯಲ್ಲಿ ಅದೊಂದು ಸಿಹಿ ಪಾಕ. ಆ ವೈದ್ಯಪದ್ಧತಿ ಹಕೀಮರ ಜೊತೆ ನಮ್ಮತ್ತ ಬರುವ ಹೊತ್ತಿಗೆ ಹೆಸರು ಪಾಕದಿಂದ ಜಾರಿ ಭೇದಿಗೆ ಅಂಟಿಕೊಂಡಿತ್ತು. ಹಕೀಮರು ಕೊಟ್ಟದ್ದಷ್ಟೇ ಅಲ್ಲ, ಇಲ್ಲಿಂದ ಕಲಿತದ್ದೂ ಇದೆ. ಆದಿಲಶಾಹಿ ಬಿಜಾಪುರದಲ್ಲಿದ್ದ ಇತಿಹಾಸಕಾರ ಫರಿಷ್ತಾ ನಮ್ಮ ದೇಶದ ವೈದ್ಯಪದ್ಧತಿಯ ಬಗ್ಗೆ ಪಾರ್ಸಿಯಲ್ಲಿ ಪುಸ್ತಕ ಬರೆದ. ನಮ್ಮ ತ್ರಿಫಲ ಯುನಾನಿಯಲ್ಲಿ ಇವತ್ತಿಗೂ ‘ಇತ್ರೀಫಲ್’.

ಆವತ್ತು ರಾತ್ರಿ ಊರಿಗೆ ಫೋನ್ ಮಾಡಿ, ಎರಡು ಗ್ಲಾಸು ಜಲ್ಲಾಬ್ ಕುಡಿದೆ ಅಂದೆ.

‘ಯಾಕೋ, ಹೊಟ್ಟಿ ಕಟ್ಟಿತ್ತೇನು?’ ಅಂದಳು ಅವ್ವ.