ತೆಂಗಿನಮರದ ಎಕ್ಸ್‌ರೇ

ಕೊನೆಗೂ 4×5 ಇಂಚಿನ ಫಿಲ್ಮ್ ಹಾಳೆ ಹಾಕುವ ಒಂದು ಹಳೇ ಕ್ಯಾಮೆರಾ ಮನೆಗೆ ಬಂತು. ಅಸಲಿ ಫಿಲ್ಮ್ ಹಾಕೋಣ ಅಂದರೆ ಒಂದೊಂದು ಹಾಳೆಗೂ ಜೇಬು ಚುರುಕ್ ಅನ್ನುತ್ತದೆ. ಅದಕ್ಕೇ ಎಕ್ಸ್‌ರೇ ಫಿಲ್ಮ್ ತಂದೆ. ಕೆಂಪು ದೀಪದಲ್ಲೇ ಕತ್ತರಿಸಬಹುದು, ಅದೊಂದು ಸುಖ. ಆದರೆ ಎರಡೂ ಬದಿಗೆ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ. ಡೆವಲಪ್ ಮಾಡುವಾಗ ಉಗುರು ತಾಗಿದರೂ ಗೀರು! ಮೂರು ಹಾಳೆ ಹಾಗೇ ಹೋದವು. ಆಮೇಲೆ ಟ್ರೇ ತಳಕ್ಕೆ ಗಾಜು ಹಾಸಿದೆ.

ನಾಲ್ಕನೆಯದು ಹಿತ್ತಲ ತೆಂಗಿನಮರ. ಅಮ್ಮನ ಕಪ್ಪು ಶಾಲು ಹೊದ್ದು ನೋಡಿದರೆ, ಕ್ಯಾಮೆರಾ ಬೆನ್ನಿನ ಮಸುಕು ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ಮರ ತಲೆಕೆಳಗಾಗಿ ತೂಗುತ್ತಿತ್ತು. ಫೋನಲ್ಲಿ ಸುಮ್ನೆ ಪಟಪಟ ಹೊಡೆಯುವವನು ಇಪ್ಪತ್ತು ನಿಮಿಷ ನಿಂತೆ. ಈ ಮರವನ್ನು ಇಷ್ಟು ಹೊತ್ತು ಯಾವತ್ತು ನೋಡಿದ್ದೆ?

ಒಣಗಲು ಹಾಕಿದ ನೆಗೆಟಿವ್ ನೋಡಿ ಪಕ್ಕದ ಮನೆ ಅಜ್ಜಿ ಗಾಬರಿಯಾದರು: "ಯಾರಿಗೆ ಏನಾಯ್ತಪ್ಪಾ?"