ಓಡಿದ್ದು ಯಾರು?

ರಾತ್ರಿ ತಟ್ಟೆಯಲ್ಲಿ ಕೈ ಒಣಗುವವರೆಗೂ ಅಕ್ಕನ ಮಗನ ಜೊತೆ ವಾದ.

ವಿಷಯ 'ಗೋಫಾಸ್ಟ್' ವಿಡಿಯೊ. ಹಾರುವ ತಟ್ಟೆಯದ್ದು ಎಂದು ಹಲವರು ನಂಬುವಂಥದ್ದು. ಅಮೆರಿಕದ ನೌಕಾಪಡೆಯ ವಿಮಾನ 2015ರಲ್ಲಿ ಸೆರೆಹಿಡಿದದ್ದು. ಸಮುದ್ರದ ನೀರಿಗೆ ತಾಗಿದಂತೆ ಒಂದು ಚುಕ್ಕೆ ಬಾಣದ ಹಾಗೆ ಹೋಗುವುದು ಕಾಣುತ್ತದೆ.

"ನಕಲಿ ಕಣೋ" ಎಂದೆ.

"ಮಾಮ, 2020ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನೇ ಬಿಡುಗಡೆ ಮಾಡಿದೆ."

ಅದು ನಿಜ. ಅಲ್ಲಿಗೆ ಅರ್ಧ ಸೋತೆ.

ಆದರೆ ಪರದೆಯ ಅಂಚಿನಲ್ಲಿ ಅಂಕಿಗಳಿವೆಯಲ್ಲ! ವಿಮಾನ 25 ಸಾವಿರ ಅಡಿ ಎತ್ತರದಲ್ಲಿದೆ. ಕ್ಯಾಮೆರಾದ ಕೋನವಿದೆ, ದೂರವಿದೆ. ಅವನ್ನೇ ಹಿಡಿದು ನಾಸಾದ ಸಮಿತಿ 2023ರಲ್ಲಿ ಲೆಕ್ಕ ಹಾಕಿತು. ಚುಕ್ಕೆ ನೀರಿನ ಸಮೀಪದಲ್ಲೇ ಇಲ್ಲ, ಸುಮಾರು 13 ಸಾವಿರ ಅಡಿ ಮೇಲಿದೆ. ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. ನಮ್ಮೂರಿನ ಬಸ್ಸಿನಷ್ಟು! ಓಡುತ್ತಿದ್ದದ್ದು ವಿಮಾನ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬಗಳು ದೂರದ ಗುಡ್ಡದ ಮುಂದೆ ಹಿಂದಕ್ಕೆ ಓಡುತ್ತವಲ್ಲ, ಹಾಗೆ.

"ಸರಿ ಮಾಮ, ಆದರೆ ಅದು ಏನು?"

"ಬಲೂನ್ ಇರಬಹುದು" ಎಂದೆ. ಆ 'ಇರಬಹುದು' ನನ್ನ ಕಿವಿಗೇ ತೆಳ್ಳಗೆ ಕೇಳಿಸಿತು.

ಅವನು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದ. ನಾನೂ ಬಗ್ಗಿದೆ.